ಪದಚರ್ಚೆ: ಎಪಿಡ್ಯೂರಲ್‌ಗೆ ‘ಅರಿವಳಿಕೆ’ ಅನ್ನಬಹುದೇ?

ವಾಕಡ್, ಪುಣೆ:
ಬಸುರಿಯರಿಗೆ ಹಂಚುವ ಕರಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಓದುವವರು ಹೆಚ್ಚಾಗಿ ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯವರು. ಮರಾಠಿ ಪ್ರತಿಯ ‘ವೇದನಾರಹಿತ ಪ್ರಸೂತಿ’ ಕನ್ನಡ ಕರಡಿನಲ್ಲಿ ‘ಎಪಿಡ್ಯೂರಲ್ ಅರಿವಳಿಕೆ’ ಆಗಿದೆ. ಎಪಿಡ್ಯೂರಲ್ ಅಂದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿನಲ್ಲಿ ಕೊಡುವ ಮದ್ದು. ಅರಿವಳಿಕೆ ಅಂದರೆ ಎಚ್ಚರ ತಪ್ಪಿಸುವುದು ಅಂತಲೇ ಜನ ಓದುತ್ತಾರೆ. ಇಲ್ಲಿ ತಾಯಿಗೆ ಪೂರ್ತಿ ಎಚ್ಚರವಿರುತ್ತದೆ. ತಿಣುಕಿ ಮಗುವನ್ನು ಹೊರಗೆ ದೂಡುವವಳೂ ಅವಳೇ. ರಾತ್ರಿಯೊಳಗೆ ಒಂದು ಪದ ಬೇಕು.

ಡೊಂಬಿವಲಿ:
‘ನೋವಳಿಕೆ’. ಅರಿವಳಿಕೆಯ ಜಾಡಿನದೇ, ಅಚ್ಚಗನ್ನಡ. ಎಪಿಡ್ಯೂರಲ್ಲೂ ಬೇಡ, ‘ಹೊರಪೊರೆ ನೋವಳಿಕೆ’ ಅಂದರೆ ಮುಗಿಯಿತು.

ಮಾಟುಂಗಾ (ಅರಿವಳಿಕೆ ವೈದ್ಯೆ):
ಹೊರಪೊರೆ ತಪ್ಪು. ಮದ್ದು ಹೋಗುವುದು ಬೆನ್ನುಹುರಿಯನ್ನು ಸುತ್ತಿದ ಪೊರೆಗಲ್ಲ, ಆ ಪೊರೆಯ ಆಚೆಗೆ, ಅಂದರೆ ಹೊರಗಿರುವ ಸಂದಿಗೆ. ಸೊಂಟದ ಮೂರನೆಯ, ನಾಲ್ಕನೆಯ ಮಣಿಗಳ ನಡುವೆ ಸೂಜಿ ಹಾಕಿ, ಅದರೊಳಗಿಂದ ಸಪೂರ ನಳಿಕೆ ಬಿಟ್ಟು, ಸೂಜಿ ತೆಗೆದುಬಿಡುತ್ತೇವೆ. ಬೆನ್ನಲ್ಲಿ ಉಳಿಯುವುದು ನಳಿಕೆ ಮಾತ್ರ. ಇದನ್ನು ದಪ್ಪಕ್ಷರದಲ್ಲಿ ಹಾಕಿ. ಸೂಜಿ ಒಳಗೇ ಇದೆಯೆಂದು ಹೆದರಿ ಮಿಸುಕದೆ ಮಲಗುವವರುಂಟು. ಸೂಜಿ ಅಕಸ್ಮಾತ್ ಪೊರೆ ತೂರಿದರೆ ಒಳಗಿನ ದ್ರವ ಸೋರಿ, ಎದ್ದು ಕೂತಾಗ ತಲೆ ಸಿಡಿಯುತ್ತದೆ. ಸುಮಾರು ನೂರರಲ್ಲಿ ಒಬ್ಬರಿಗೆ ಹೀಗಾಗಬಹುದು.

‘ಬೆನ್ನಿನ ಸೂಜಿ’ಯೂ ಬೇಡ. ಸಿಸೇರಿಯನ್‌ಗೆ ಕೊಡುವ ಸ್ಪೈನಲ್‌ಗೂ ಜನ ಅದನ್ನೇ ಅನ್ನುತ್ತಾರೆ. ಅದು ಪೊರೆ ದಾಟಿಸಿ ಒಂದೇ ಸಲ ಕೊಡುವ ಮದ್ದು, ಕೆಲವೇ ನಿಮಿಷಗಳಲ್ಲಿ ಕಾಲು ಮರಗಟ್ಟುತ್ತದೆ. ಎಪಿಡ್ಯೂರಲ್ ಹಿಡಿಯಲು 15–20 ನಿಮಿಷ ಬೇಕು. ಮರಗಟ್ಟಿಸುವ ಮದ್ದು ಬುಪಿವಕೇನನ್ನು ಶೇ. 0.1ಕ್ಕೆ ತೆಳುಮಾಡಿ, ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಫೆಂಟನಿಲ್ ಎಂಬ ನೋವಿನ ಮದ್ದು ಬೆರೆಸಿ ಕೊಟ್ಟರೆ ನೋವು ತಗ್ಗುತ್ತದೆ, ಹೊಟ್ಟೆ ಬಿಗಿಯುವುದು ತಿಳಿಯುತ್ತಿರುತ್ತದೆ. ಹಾಗಾಗಿ ‘ಅಳಿಕೆ’ಯೂ ಹೆಚ್ಚಾಯಿತು, ‘ರಹಿತ’ವಂತೂ ಸುಳ್ಳು.

ಡೊಂಬಿವಲಿ:
ಆ ಪೊರೆಯ ಹೆಸರು ‘ಡ್ಯೂರಾ ಮೇಟರ್’, ಅಂದರೆ ‘ಗಟ್ಟಿ ತಾಯಿ’. ಅರಬ್ಬಿ ವೈದ್ಯರ ಮಾತನ್ನು ಮಧ್ಯಯುಗದ ಲ್ಯಾಟಿನ್ನಿನವರು ಎರವಲು ತರಲಿಲ್ಲ, ತಮ್ಮ ನುಡಿಗೆ ತಿರುಗಿಸಿಕೊಂಡರು. ನಮ್ಮ ಕೈ ಕಟ್ಟಿದವರು ಯಾರು? ‘ಪೊರೆಯಾಚೆ ನೋವಳಿಕೆ’ ಅನ್ನಿ.

ಮಡಗಾಂವ್:
‘ಎಪಿ’ ಗ್ರೀಕ್, ‘ಡ್ಯೂರಾ’ ಲ್ಯಾಟಿನ್. ಮೂಲವೇ ಅರಿಸಮಾಸ, ಅದರ ಕನ್ನಡಕ್ಕೆ ಶುದ್ಧಿಯ ಹಟ ಬೇಕಿಲ್ಲ. ಹೆರಿಗೆ ಕೋಣೆಯಲ್ಲಿ ನರ್ಸ್ ಕೇಳುವುದು ‘ಎಪಿಡ್ಯೂರಲ್ ಬೇಕಾ’ ಅಂತ. ಸಹಿ ಹಾಕುವ ಕಾಗದದಲ್ಲೂ ಅದೇ ಪದ. ‘ಪೊರೆಯಾಚೆ’ ಓದಿ ಹೋದವಳು ಯಾವುದಕ್ಕೆ ಒಪ್ಪಿದಳು ಅಂತ ಅವಳಿಗೇ ಗೊತ್ತಾಗುವುದಿಲ್ಲ. ಹೆಸರು ಹಾಗೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಹೆರಿಗೆ ನೋವಿಗೆ, ಅಂದರೆ ಬೇನೆಗೆ, ಕಲಬುರಗಿ ಕಡೆ ‘ಬ್ಯಾನಿ’ ಅನ್ನುತ್ತಾರೆ.

ಡೊಂಬಿವಲಿ:
ಬೇನೆ ‘ವೇದನೆ’ಯ ತದ್ಭವ. ಮತ್ತೆ ಸಂಸ್ಕೃತಕ್ಕೇ ಬಂದಿರಿ.

ಮಡಗಾಂವ್:
ಬೇಯುವುದರ ‘ಬೇ’ ಧಾತುವಿನದಲ್ಲವೇ? ನಡುವಿನ ದಕಾರ ಯಾವ ನಿಯಮದಿಂದ ಬಿದ್ದುಹೋಯಿತು, ತೋರಿಸಿ.

ಡೊಂಬಿವಲಿ:
ಪ್ರಾಕೃತದಲ್ಲೇ ಬಿತ್ತು. ವೇದನಾ, ವೇಯಣಾ, ಬೇನೆ.

ಮಾಟುಂಗಾ:
ಧಾತು ಆಮೇಲೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು ಮೊದಲೇ ತಿಳಿಸಬೇಕು ಎಂಬ ಸಾಲು ಕರಡಿನಲ್ಲಿ ಇದೆಯೆ? ಅವರಿಗೆ ಬೆನ್ನೊಳಗೆ ರಕ್ತ ಸೋರಿ, ಗಡ್ಡೆಕಟ್ಟಿ ನರ ಒತ್ತುವ ಅಪಾಯವಿದೆ. ಬಿಪಿ ಇಳಿಯಬಹುದು, ಅದಕ್ಕೇ ಡ್ರಿಪ್ ಹಾಕುತ್ತೇವೆ ಅಂತಲೂ ಬರೆಯಿರಿ.

ವಾಕಡ್, ಪುಣೆ:
ಎರಡೂ ಇರಲಿಲ್ಲ ಮೇಡಂ, ಸೇರಿಸಿದೆ. ತಲೆಬರಹ: ‘ಎಪಿಡ್ಯೂರಲ್: ಹೆರಿಗೆ ಬ್ಯಾನಿ ತಗ್ಗಿಸುವ ಮದ್ದು. ನಿಮಗೆ ಎಚ್ಚರ ಇರುತ್ತದೆ.’

ಡೊಂಬಿವಲಿ:
‘ಬ್ಯಾನಿ’ ಅಚ್ಚಿಗೆ ಸಲ್ಲದು. ತದ್ಭವವೇ ಆಗಲಿ, ‘ಬೇನೆ’ ಎಂದು ತಿದ್ದಿ.

ವಾಕಡ್, ಪುಣೆ:
ಓದುವವರು ಅನ್ನುವುದು ಬ್ಯಾನಿ ಅಂತಲೇ ಸರ್. ಕರಡು ಅಚ್ಚಿನ ಮನೆಗೆ ಕಳಿಸಿಯಾಯಿತು.