ಪದಚರ್ಚೆ: ತಿದ್ದುಪಡಿಗೆ ರಾಜ್ಯಗಳು ಕೊಡುವುದು ಅನುಮೋದನೆಯೋ, ಅನುಸಮರ್ಥನೆಯೋ?

ಪ್ರಶ್ನೆ: ಸಂವಿಧಾನ ತಿದ್ದುಪಡಿಯ ಸುದ್ದಿಗಳಲ್ಲಿ ಸಂಸತ್ತಿನ ಅನುಮೋದನೆ, ರಾಜ್ಯಗಳ ಅನುಮೋದನೆ, ರಾಷ್ಟ್ರಪತಿಗಳ ಅನುಮೋದನೆ ಎಂದು ಮೂರಕ್ಕೂ ಒಂದೇ ಪದ ಕಾಣುತ್ತದೆ. ಇದು ಸರಿಯೇ? ‘ಸುಧಾರಣೆ’ ಎಂದರೂ ತಿದ್ದುಪಡಿಯೇ ಅಲ್ಲವೇ?

ಉತ್ತರ: ಮೂರೂ ಬೇರೆ ಕೆಲಸಗಳು, ಪದಗಳೂ ಬೇರೆಯೇ ಇರಬೇಕು.

ಸಂಸತ್ತು ಮಾಡುವುದು ‘ಅಂಗೀಕಾರ’. 368ನೇ ವಿಧಿಯಂತೆ ಪ್ರತಿ ಸದನದಲ್ಲೂ ಎರಡು ಲೆಕ್ಕ ಕೂಡಿಬರಬೇಕು: ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. 543 ಸ್ಥಾನಗಳ ಲೋಕಸಭೆಯಲ್ಲಿ 390 ಮಂದಿ ಮತ ಹಾಕಿದರೆ ಮೂರನೇ ಎರಡು ಎಂದರೆ 260. ಅಷ್ಟು ಸಿಕ್ಕರೂ ಮಸೂದೆ ಬೀಳುತ್ತದೆ, 272 ಬೇಕು. 450 ಮಂದಿ ಮತ ಹಾಕಿದರೆ 272 ಸಾಲದು, 300 ಬೇಕು. ‘ಮೂರನೇ ಎರಡು ಬಹುಮತ’ ಎಂದಷ್ಟೇ ಬರೆದಾಗ ಮೊದಲ ಲೆಕ್ಕ ತಪ್ಪಿಹೋಗುತ್ತದೆ.

ರಾಜ್ಯಗಳದು ‘ಅನುಸಮರ್ಥನೆ’. ಸಂಸತ್ತು ಅಂಗೀಕರಿಸಿದ ಪಠ್ಯದಲ್ಲಿ ಒಂದಕ್ಷರವನ್ನೂ ಅವು ತಿದ್ದಲಾರವು. ನಿರ್ಣಯ ಮಾಡಿ ಬೆಂಬಲಿಸಬಹುದು, ಇಲ್ಲವೇ ಬಿಡಬಹುದು. ‘ಅನು’ ಎಂಬ ಉಪಸರ್ಗ ಹಿಂದಿನಿಂದ ಬರುವ ಈ ಒಪ್ಪಿಗೆಗೆ ಚೆನ್ನಾಗಿ ಹೊಂದುತ್ತದೆ. ಇದು ಎಲ್ಲ ತಿದ್ದುಪಡಿಗೂ ಬೇಡ. ಕೇಂದ್ರ-ರಾಜ್ಯಗಳ ಅಧಿಕಾರ ಹಂಚುವ ಏಳನೇ ಅನುಸೂಚಿಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, 368ನೇ ವಿಧಿಯೇ, ಇಂಥವನ್ನು ಮುಟ್ಟಿದಾಗ ಮಾತ್ರ ಬೇಕು. ಅದೂ ‘ಅರ್ಧಕ್ಕಿಂತ ಹೆಚ್ಚು’ ಅಲ್ಲ, ‘ಅರ್ಧಕ್ಕೆ ಕಡಿಮೆಯಿಲ್ಲದಷ್ಟು’ ರಾಜ್ಯಗಳು: 28ರಲ್ಲಿ 14 ಸಾಕು.

ರಾಷ್ಟ್ರಪತಿಗಳದು ‘ಅಂಕಿತ’. 1971ರ 24ನೇ ತಿದ್ದುಪಡಿಯ ನಂತರ ಅದನ್ನು ನಿರಾಕರಿಸುವಂತಿಲ್ಲ. ‘ಅನುಮೋದನೆ’ ಎಂದರೆ ಇಲ್ಲದ ವಿವೇಚನಾಧಿಕಾರ ಇದೆಯೆಂಬ ಭಾವನೆ ಬರುತ್ತದೆ.

ಸುಧಾರಣೆಯ ಹರವು ದೊಡ್ಡದು. ಹೊಸ ರಾಜ್ಯ ರಚಿಸುವ ಕಾನೂನು ರಾಜ್ಯಗಳ ಪಟ್ಟಿಯಿರುವ ಸಂವಿಧಾನದ ಮೊದಲನೇ ಅನುಸೂಚಿಯನ್ನೇ ಬದಲಿಸಿದರೂ 4ನೇ ವಿಧಿಯ ಪ್ರಕಾರ ಅದು 368ರ ಅರ್ಥದ ತಿದ್ದುಪಡಿಯಲ್ಲ. ಸರಳ ಬಹುಮತ ಸಾಕು. ಸಂಬಂಧಿಸಿದ ರಾಜ್ಯದಿಂದ ಕೇಳುವುದು ‘ಅಭಿಪ್ರಾಯ’ವೇ ಹೊರತು ‘ಒಪ್ಪಿಗೆ’ಯಲ್ಲ. 2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ತಿರಸ್ಕರಿಸಿದ ಮೇಲೂ ತೆಲಂಗಾಣ ರಚನೆಯಾಯಿತು. ಇಲ್ಲಿ ‘ಒಪ್ಪಿಗೆ’ ಎಂದು ಬರೆಯುವುದು ದೊಡ್ಡ ತಪ್ಪು, ರಾಜ್ಯಕ್ಕೆ ಇಲ್ಲದ ತಡೆಹಕ್ಕನ್ನು ಕೊಟ್ಟಂತಾಗುತ್ತದೆ.

ಇಡೀ ಸಂವಿಧಾನವನ್ನೇ ಹೊಸದಾಗಿ ಬರೆದಾಗ, 1999ರಲ್ಲಿ ಸ್ವಿಟ್ಜರ್ಲೆಂಡ್ ಮಾಡಿದಂತೆ, ‘ಸಮಗ್ರ ಪರಿಷ್ಕರಣೆ’ ಎನ್ನಿ. ಆಸ್ಟ್ರೇಲಿಯಾದ ಬಗ್ಗೆ ಬರೆಯುವಾಗ ‘ಅನುಸಮರ್ಥನೆ’ ಬೇಡ: ಅಲ್ಲಿ ರಾಜ್ಯಗಳ ಶಾಸನಸಭೆಗಳಿಗೆ ಪಾತ್ರವಿಲ್ಲ. ಜನಮತಗಣನೆಯಲ್ಲಿ ದೇಶದ ಒಟ್ಟು ಮತ ಹಾಕಿದವರ ಬಹುಮತದ ಜೊತೆಗೆ ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಮತದಾರರ ಬಹುಮತ ಬೇಕು. ಅದಕ್ಕೆ ‘ಇಮ್ಮಡಿ ಬಹುಮತ’ ಎಂದರೆ ಚೊಕ್ಕವಾಗಿರುತ್ತದೆ.