ಪದ ಬೇಕಿದೆ: ಬೆಳಕು ಹಾಯಿಸಿ, ಸದ್ದು ಹಿಡಿದು ರಕ್ತದ ಆಮ್ಲಜನಕ ಅಳೆಯುವುದು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕಕ್ಕೆ ‘ಫೋಟೋಅಕೌಸ್ಟಿಕ್ ಆಕ್ಸಿಮೆಟ್ರಿ’ಯ ಕನ್ನಡ ಬೇಕು. ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಒಕ್ಕಣೆ ಕೇಳಿದ್ದಾರೆ. ಇದು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಅಲ್ಲ. ಅದು ಬೆಳಕು ಹಾಯಿಸಿ ಬೆಳಕನ್ನೇ ಅಳೆಯುತ್ತದೆ. ಇಲ್ಲಿ ಲೇಸರ್ ಮಿಡಿತವನ್ನು ಹೀರಿದ ಹಿಮೋಗ್ಲೋಬಿನ್ ತುಸು ಬಿಸಿಯಾಗಿ ಹಿಗ್ಗುತ್ತದೆ. ಆಗ ಏಳುವ ಶ್ರವಣಾತೀತ ಸದ್ದನ್ನು ಚರ್ಮದ ಮೇಲಿನ ಸಂವೇದಕ ಹಿಡಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹೀರುವ ಬಗೆಯೇ ಬೇರೆ, ಹೊರದಿರುವುದು ಹೀರುವ ಬಗೆಯೇ ಬೇರೆ. ಎರಡು ತರಂಗಾಂತರಗಳಲ್ಲಿ ಹೋಲಿಸಿದರೆ ಲೆಕ್ಕ ಸಿಗುತ್ತದೆ. ‘ಅನಾಕ್ರಮಣಶೀಲ ದ್ಯುತಿಧ್ವನಿಕ ರಕ್ತಾಮ್ಲಜನಕಮಾಪನ’ ಆದೀತೇ?

ಚಿತ್ರದುರ್ಗದಿಂದ:
ಆಗದು. ಆಕ್ರಮಣ ಎಂದರೆ 1779ರಲ್ಲಿ ಹೈದರಾಲಿ ನಮ್ಮ ಕೋಟೆಯ ಮೇಲೆ ನಡೆಸಿದ್ದು. ಇಲ್ಲಿ ‘ಚುಚ್ಚದೆ’ ಸಾಕು. ‘ದ್ಯುತಿಧ್ವನಿ’ಯನ್ನು ಜನ ದ್ವಂದ್ವ ಸಮಾಸವೆಂದೇ ಬಿಡಿಸುತ್ತಾರೆ, ಧ್ವನಿ-ಬೆಳಕಿನ ಕಾರ್ಯಕ್ರಮವೆಂದು ಟಿಕೆಟ್ ಕೇಳಿಯಾರು. ಬೆಳಕಿನಿಂದ ಹುಟ್ಟಿದ ಉಲಿ ‘ಬೆಳಕುಲಿ’. ಇನ್ನು ‘ಆಮ್ಲಜನಕ’. ಆಮ್ಲಗಳಿಗೆಲ್ಲ ಅದೇ ಮೂಲವೆಂದು ತಪ್ಪು ತಿಳಿದು ಫ್ರೆಂಚ್ ರಸಾಯನ ವಿಜ್ಞಾನಿ ಲಾವೋಸಿಯೆ ಗ್ರೀಕಿನಿಂದ ಕಟ್ಟಿದ ಹೆಸರು. ಆ ತಪ್ಪನ್ನು ಸಂಸ್ಕೃತಕ್ಕಿಳಿಸಿ ಜೋಪಾನವಾಗಿ ಕಾಯುತ್ತಿದ್ದೇವೆ. ನೀರಿಗೆ ಬೆರೆತರೆ ಆಮ್ಲವಾಗುವ ಹೈಡ್ರೋಜನ್ ಕ್ಲೋರೈಡಿನ ಅಣುವಿನಲ್ಲಿ ಅದರ ಸುಳಿವೇ ಇಲ್ಲ. ‘ಉಸಿರ್ಗಾಳಿ’ ಎನ್ನಲು ಏನು ಧಾಡಿ?

ದಾವಣಗೆರೆಯಿಂದ, ಇನ್ನೊಬ್ಬರು:
ನಾವು ಉಸಿರಾಡುವ ಗಾಳಿಯಲ್ಲಿ ಶೇ 78 ಸಾರಜನಕ, ಶೇ 21 ಆಮ್ಲಜನಕ. ಲಾವೋಸಿಯೆಯ ತಪ್ಪು ತೊಳೆಯಲು ನಿಮ್ಮದೊಂದು ತಪ್ಪೇ? ‘ಬೆಳಕುಲಿ’ಯನ್ನು ನಮ್ಮ ಕಡೆ ಬಡಗಿಯ ಉಳಿ ಎಂದು ಓದುತ್ತಾರೆ. ಚುಚ್ಚದ ಯಂತ್ರಕ್ಕೆ ಉಳಿ! ಬೆಳಕು ಸದ್ದು ಹುಟ್ಟಿಸುತ್ತದೆಂದು ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದರು, ಅದು ಹೊಸತಲ್ಲ. ಮಾಂಸದೊಳಗೆ ಬೆಳಕು ಚದುರಿದಷ್ಟು ಸದ್ದು ಚದುರುವುದಿಲ್ಲ, ಹಾಗಾಗಿ ಆಳದ ರಕ್ತನಾಳದ ಸುದ್ದಿಯೂ ಸಿಗುತ್ತದೆ. ಹೆಚ್ಚುಗಾರಿಕೆ ಕೇಳುವುದರಲ್ಲಿದೆ; ಹೆಸರೂ ಅದನ್ನೇ ಹೇಳಲಿ. ‘ಚುಚ್ಚದೆ, ಬೆಳಕು ಹಾಯಿಸಿ, ಸದ್ದು ಕೇಳಿ ರಕ್ತದ ಆಕ್ಸಿಜನ್ ಅಳೆಯುವುದು’ ಎಂದು ಬರೆಯಿರಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಆಡಿದ ಮಾತು ಆಕ್ಸಿಜನ್.

ಚಿತ್ರದುರ್ಗದಿಂದ:
ಕೇಳಿದ್ದು ಪದ, ನೀವು ಕೊಟ್ಟದ್ದು ವಾಕ್ಯ. ಇಂದು ಆಕ್ಸಿಜನ್ನಿಗೆ ಬಾಗಿಲು ತೆಗೆದರೆ ನಾಳೆ ನೈಟ್ರೋಜನ್ನು ಬರುತ್ತದೆ, ನಿಮ್ಮ ಸಾರಜನಕ ಹೊರಡುತ್ತದೆ.

ದಾವಣಗೆರೆಯಿಂದ, ಇನ್ನೊಬ್ಬರು:
‘ಆಕ್ಸಿಜನ್ನಿಗೆ’ ಎಂದು ವಿಭಕ್ತಿ ಹಚ್ಚಿದವರು ನೀವೇ. ವಿಭಕ್ತಿ ಹತ್ತಿದ ಮೇಲೆ ಅದು ಯಾರ ಪದ, ಸ್ವಾಮಿ?