ಹಳೇ ಎಫ್‌ಸಿ-160 ಪಿಕಪ್ ಮಾರಾಟಕ್ಕಿದೆ, ತಗೋಬಹುದಾ?

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರ):
ನಮಸ್ಕಾರ ಅಣ್ಣ. ನೀಲಗಿರಿ ಕಡೆ ಒಂದು ಮಹೀಂದ್ರ ಎಫ್‌ಸಿ-160 ಪಿಕಪ್ ಮಾರಾಟಕ್ಕಿದೆ. 1969ರ ಗಾಡಿ, ಫೋರ್ ವೀಲ್ ಡ್ರೈವ್. ಪೂರ್ತಿ ರಿಸ್ಟೋರ್ ಮಾಡಿಸಿದ್ದೀವಿ ಅಂತಾರೆ. ಹಸಿರು ಬಣ್ಣ, ಹೊಸ ಟಾರ್ಪಾಲು, ಮರದ ಹಲಗೆಯ ತೊಟ್ಟಿ, ನೋಡೋಕೆ ಚಿನ್ನದ ಹಾಗಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದಾರಂತೆ, ಅದನ್ನೇ ಹೆಚ್ಚುಗಾರಿಕೆ ಅಂತ ಹೇಳ್ತಿದ್ದಾರೆ. ತೋಟದೊಳಗೆ ಗೊಬ್ಬರ, ಹಣ್ಣು ಸಾಗಿಸೋಕೂ ಆಗ್ಬೇಕು, ಭಾನುವಾರ ಮಕ್ಕಳನ್ನ ಕೂರಿಸ್ಕೊಂಡು ಹೋಗೋಕೂ ಆಗ್ಬೇಕು. ಏನೇನು ನೋಡ್ಲಿ?

ಉತ್ತರ (ಹಳೇ ಜೀಪ್ ಮೆಕ್ಯಾನಿಕ್, ಹಾಸನ):
ಎಂಜಿನ್ ಮುಚ್ಚಳ ಎತ್ತೋಕೆ ಮುಂಚೆ ಆರ್‌ಸಿ ತರಿಸ್ಕೊಂಡು ಓದಿ ಸರ್. ಮೂರೇ ವಿಷಯ. ಇಂಧನ ಅಂತ ಇರೋ ಕಡೆ ಏನಿದೆ, ಎಂಜಿನ್ ನಂಬರ್ ಯಾವುದು, ಗಾಡಿಯ ವರ್ಗ ಯಾವುದು. ಈ ಗಾಡಿ ಹುಟ್ಟಿದ್ದು ಅಮೆರಿಕದ ಜೀಪ್ ಕಂಪನಿ ವಿಲ್ಲಿಸ್‌ನ ಹರಿಕೇನ್ ಪೆಟ್ರೋಲ್ ಎಂಜಿನ್ ಜೊತೆ, ನಾಲ್ಕು ಸಿಲಿಂಡರ್, 2.2 ಲೀಟರ್. ಡೀಸೆಲ್ ಕೂರಿಸಿ ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತಲೇ ಇದ್ರೆ ಅದು ಹೆಚ್ಚುಗಾರಿಕೆ ಅಲ್ಲ, ನಿಮ್ಮ ಕೊರಳಿಗೆ ಬೀಳೋ ಕೇಸು. ಎಂಜಿನ್ ಬದಲಾಯಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ಏರಿರಬೇಕು. ಅಪಘಾತ ಆದ್ರೆ ವಿಮೆಯವರು ಮೊದಲು ಹುಡುಕೋದೇ ಇದನ್ನ.

ವರ್ಗ ಯಾಕೆ ಅಂದ್ರೆ, ಪಿಕಪ್ ಬಹಳಷ್ಟು ಸಲ ಸರಕು ವಾಹನ ಅಂತ ನೋಂದಣಿ ಆಗಿರುತ್ತೆ. ಹಾಗಿದ್ರೆ ಇಷ್ಟು ಹಳೇದಕ್ಕೆ ವರ್ಷ ವರ್ಷ ಫಿಟ್‌ನೆಸ್ ಮಾಡಿಸ್ಬೇಕು. ಹಿಂದೆ ತೊಟ್ಟಿಯಲ್ಲಿ ಮಕ್ಕಳನ್ನ ಕೂರಿಸೋ ಆಸೆಯನ್ನಂತೂ ಬಿಟ್ಟುಬಿಡಿ.

ಪ್ರಶ್ನೆ (ಅದೇ ಬೆಳೆಗಾರ):
ಐವತ್ತು ವರ್ಷ ದಾಟಿದೆಯಲ್ಲ ಅಣ್ಣ, ವಿಂಟೇಜ್ ನಂಬರ್ ಮಾಡಿಸಿದ್ರೆ ಈ ತಲೆನೋವೆಲ್ಲ ಹೋಗುತ್ತೆ ಅಂತ ಮಾರೋರು ಹೇಳ್ತಿದ್ದಾರೆ.

ಉತ್ತರ:
ಅರ್ಧ ಹೇಳಿದ್ದಾರೆ. 2021ರ ನಿಯಮ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತೆ, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ ಶುಲ್ಕ, 10 ವರ್ಷ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ಅವರು ಹೇಳದ ಇನ್ನರ್ಧ ಏನಂದ್ರೆ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಡೀಸೆಲ್ ಕೂತಿರೋ ಗಾಡಿಗೆ ಆ ಬಾಗಿಲು ಮುಚ್ಚಿದ ಹಾಗೇ. ಸಿಕ್ಕಿತು ಅಂತಲೇ ಇಟ್ಕೊಳ್ಳಿ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಗೊಬ್ಬರದ ಮೂಟೆ ಹೇರ್ಕೊಂಡು ಓಡಾಡೋಕೆ ಆಗಲ್ಲ. ದುಡಿಸೋ ಗಾಡಿ ಬೇಕಾ, ಮೆರೆಸೋ ಗಾಡಿ ಬೇಕಾ, ಅದು ಮನೆಯಲ್ಲೇ ತೀರ್ಮಾನ ಆಗಲಿ. ಎರಡನ್ನೂ ಒಂದರಲ್ಲೇ ಹುಡುಕಿದೋರಿಗೆ ಎರಡೂ ಸಿಕ್ಕಿದ್ದು ನಾನಂತೂ ಕಾಣೆ.

ಇನ್ನೊಬ್ಬ ಸದಸ್ಯರು (ಮಡಿಕೇರಿ):
ಕಾಗದ ಸರಿ ಇದೆ ಅಂತ ಇಟ್ಕೊಳ್ಳಿ. ಗಾಡಿಯಲ್ಲಿ ಎಲ್ಲಿ ಮೋಸ ಹೋಗ್ತೀವಿ?

ಉತ್ತರ:
ಚಾಸಿಯಲ್ಲಿ ಸರ್, ಬೇರೆ ಎಲ್ಲೂ ಅಲ್ಲ. ಎಂಜಿನ್ ಬೋರ್ ಮಾಡಿಸಬಹುದು, ಗೇರ್ ಬಾಕ್ಸ್ ಬಿಚ್ಚಬಹುದು. ಚಾಸಿ ತುಕ್ಕು ತಿಂದಿದ್ರೆ ಮೇಲಿನ ಬಣ್ಣಕ್ಕೆ ಕೊಟ್ಟ ದುಡ್ಡೆಲ್ಲ ಮಣ್ಣುಪಾಲು. ಗಾಡಿ ಅಡಿ ಮಲಗಿ, ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಕೊಂಡು ಹೋಗಿ. ಒಳ್ಳೇ ಕಬ್ಬಿಣ ಗಣ್ ಅನ್ನುತ್ತೆ, ತಿಂದುಹೋಗಿದ್ದು ದೊಪ್ ಅನ್ನುತ್ತೆ. ಹಿಂದಿನ ಸ್ಪ್ರಿಂಗ್ ಕಟ್ಟೋ ಜಾಗ, ಕ್ಯಾಬಿನ್ ಕೂರೋ ಬ್ರಾಕೆಟ್, ಇಲ್ಲಿ ನೀರು ನಿಲ್ಲುತ್ತೆ. ಚಾಸಿಗೆ ಮೊನ್ನೆ ಮೊನ್ನೆ ದಪ್ಪಗೆ ಟಾರು ಬಳಿದಿದ್ರೆ ಅನುಮಾನ ಪಡಿ. ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೊಳ್ಳಿ, ಆರ್‌ಸಿ ಜೊತೆ ಹೋಲಿಸಿ. ಸುತ್ತ ಗ್ರೈಂಡರ್ ಗುರುತು ಕಂಡ್ರೆ ಚಹಾ ಕುಡಿದು ವಾಪಸ್ ಬನ್ನಿ.

ಆಮೇಲೆ ಮುಂದಿನ ಚಕ್ರ. ಜಾಕ್ ಕೊಟ್ಟು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ರೆ ಕಿಂಗ್ ಪಿನ್ ಬೇರಿಂಗೋ ಚಕ್ರದ ಬೇರಿಂಗೋ ಸವೆದಿದೆ. ಫೋರ್ ವೀಲ್ ಹಾಕಿ ನೋಡೋದನ್ನ ಕೆಸರಿನಲ್ಲೋ ಹುಲ್ಲಿನಲ್ಲೋ ಮಾಡಿ, ಒಣ ಟಾರ್ ರಸ್ತೆಯಲ್ಲಿ ಬೇಡ. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇಲ್ಲ, ತಿರುವಿನಲ್ಲಿ ಶಾಫ್ಟ್ ಬಿಗಿದುಕೊಳ್ಳುತ್ತೆ.

ಬ್ರೇಕ್ ಬಗ್ಗೆ ಒಂದು ಮಾತು. ಆ ಕಾಲದ ಮೂಲ ಏರ್ಪಾಟಿನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್, ಮಾಸ್ಟರ್ ಸಿಲಿಂಡರ್‌ನಿಂದ ಒಂದೇ ಸಾಲು. ಒಂದು ಪೈಪ್ ಒಡೆದ್ರೆ ಎಲ್ಲ ಹೋಯ್ತು. ಶಿರಾಡಿ ಘಾಟಿ ಇಳಿಯೋ ಗಾಡಿಗೆ ಪೈಪ್, ಹೋಸ್ ಎಲ್ಲ ಹೊಸದು ಇಲ್ದಿದ್ರೆ ನಾನು ಕೀಲಿ ಮುಟ್ಟಲ್ಲ. ಈ ಎಫ್‌ಸಿ-160 ಪಿಕಪ್‌ನಲ್ಲಿ ಎಂಜಿನ್, ಕ್ಯಾಬಿನ್ ಎರಡೂ ಮುಂದಿನ ಆಕ್ಸಲ್ ಮೇಲೇ ಕೂತಿವೆ. ತೊಟ್ಟಿ ಖಾಲಿ ಇದ್ದಾಗ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಹಿಂಭಾಗ ಹಗುರ ಆಗಿ ಜಾರುತ್ತೆ. ಅದಕ್ಕೇ ಓಡಿಸಿ ನೋಡುವಾಗ ಖಾಲಿ ಒಂದು ಸುತ್ತು, ನಾಲ್ಕು ಮೂಟೆ ಹೇರಿ ಒಂದು ಸುತ್ತು ಹೋಗಿ.

ಇನ್ನೊಬ್ಬ ಸದಸ್ಯರು (ಬೆಂಗಳೂರು):
ಪೆಟ್ರೋಲ್ ಎಂಜಿನ್ ಇರೋದೇ ಸಿಕ್ಕಿದ್ರೆ? ಈಗಿನ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ತಡೆಯುತ್ತಾ?

ಉತ್ತರ:
ಎಂಜಿನ್ ತಡೆಯುತ್ತೆ, ರಬ್ಬರ್ ತಡೆಯಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎಥೆನಾಲ್‌ಗೆ ಒಗ್ಗೋದು ಹಾಕಿಸಿ. ಈ ಗಾಡಿಯಲ್ಲಂತೂ ಎಂಜಿನ್ ಎರಡು ಸೀಟಿನ ನಡುವೆ ಡಬ್ಬಿಯೊಳಗಿದೆ, ಪೆಟ್ರೋಲ್ ಸೋರಿದ್ರೆ ನಿಮ್ಮ ಮೊಣಕಾಲ ಪಕ್ಕದಲ್ಲೇ ಸೋರುತ್ತೆ. ಇನ್ನೊಂದು, ಹರಿಕೇನ್‌ನಲ್ಲಿ ಇಂಟೇಕ್ ವಾಲ್ವ್ ಹೆಡ್‌ನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿದೆ. ಹೆಡ್ ಬಿಚ್ಚಿ ಕೆಲಸ ಮಾಡಿಸಿದ್ದೀವಿ ಅಂದ ಮಾತ್ರಕ್ಕೆ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟ್ ಸರಿಯಾಗಿದೆ ಅಂತ ಅಲ್ಲ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಮೀಟರ್) ಹಾಕಿ ನಾಲ್ಕೂ ಸಿಲಿಂಡರ್ ನೋಡಿ, ಒಂದು ಮಾತ್ರ ಕೆಳಗಿದ್ರೆ ಅಲ್ಲೇ ಕೈಯಿಡಿ. ನೀವು ಹೋಗೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಲ್ಲೇ ಹೇಳಿಟ್ಟಿರಿ. ಬಿಸಿ ಎಂಜಿನ್ ಎಲ್ಲರಿಗೂ ಒಳ್ಳೇದಾಗೇ ಕಾಣುತ್ತೆ.

ಪ್ರಶ್ನೆ (ಬೆಳೆಗಾರ):
ಆರ್‌ಸಿ ಫೋಟೊ ಈಗ ಬಂತು ಅಣ್ಣ. ಪೆಟ್ರೋಲ್ ಅಂತಲೇ ಇದೆ. ಹಳೇ ಎಂಜಿನ್ ಶೆಡ್‌ನಲ್ಲೇ ಇದೆ, ಬೇಕಾದ್ರೆ ಜೊತೆಗೇ ಕೊಡ್ತಾರಂತೆ. ಅಡ್ವಾನ್ಸ್ ಕೇಳ್ತಿದ್ದಾರೆ.

ಉತ್ತರ:
ಹಳೇ ಎಂಜಿನ್ ನಂಬರ್ ಆರ್‌ಸಿ ನಂಬರ್ ಒಂದೇನಾ ಅಂತ ಫೋಟೊ ತರಿಸಿ. ಒಂದೇ ಆಗಿದ್ರೆ ಈ ಗಾಡಿಗೆ ಬೆಲೆ ಇದೆ. ಅದನ್ನ ಬಿಚ್ಚಿ ಕಟ್ಟಿಸಿ ವಾಪಸ್ ಕೂರಿಸೋ ಖರ್ಚನ್ನ ಅವರ ರೇಟಿನಿಂದ ಕಳೆದು ಮಾತಾಡಿ. ತಮಿಳುನಾಡಿನ ನೋಂದಣಿ ಆದ್ದರಿಂದ ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಫಾರಂ 28. ಇಲ್ಲಿಗೆ ತಂದು ನಂಬರ್ ಬದಲಾಯಿಸುವಾಗ ನಮ್ಮ ತೆರಿಗೆನೂ ಕಟ್ಟಬೇಕು. ಎನ್‌ಒಸಿ ಕೈಗೆ ಬರೋವರೆಗೆ ಅಡ್ವಾನ್ಸ್ ಬೇಡ ಸರ್. ಹೋಗೋ ದಿನ ಹೇಳಿ, ಸುತ್ತಿಗೆ, ಗೇಜ್ ಎರಡೂ ನಾನೇ ತರ್ತೀನಿ.